ಬೀಗರ ಮನೆಯ ಮೋಟಾರ್‌ಸೈಕಲ್ಲು

ಕೊಚ್ಕೋರ್
3 ಮೇ 1999

ಜಿಪಾರ್,

ಈ ಕಣಿವೆಗೆ ಮೊಟ್ಟಮೊದಲು ಮೋಟಾರ್‌ಸೈಕಲ್ಲು ತಂದವನು ನಾನು. ಅದಕ್ಕೆ ಮುಂಚೆ ಇಲ್ಲಿಂದ ನಾರಿನ್‌ವರೆಗೆ ರಸ್ತೆ ನೆಟ್ಟಗಿತ್ತು. ನಾನು ಹೋದ ವೇಗಕ್ಕೆ ಬಳುಕಿ ಇವತ್ತಿಗೂ ಅಂಕುಡೊಂಕಾಗಿಯೇ ಬಿದ್ದಿದೆ. ಡೊಲೊನ್ ಘಾಟಿಯನ್ನು ಹಿಂದುಮುಂದಾಗಿ ಕೂತು, ಎರಡೂ ಕೈ ಬಿಟ್ಟು, ಚಹಾ ಕುಡಿಯುತ್ತಾ ಇಳಿದಿದ್ದೇನೆ. ನಿನ್ನ ಅಮ್ಮ ಬದುಕಿದ್ದಿದ್ದರೆ ಸಾಕ್ಷಿ ಹೇಳುತ್ತಿದ್ದಳು. ಸುಳ್ಳು ಅಂತಲೂ ಹೇಳುತ್ತಿದ್ದಳು, ಅದು ಬೇರೆ ಮಾತು.

ನಿನ್ನ ಕಾಗದವನ್ನು ವ್ಯಾನಿನ ಡ್ರೈವರ್ ನಿನ್ನೆ ತಂದುಕೊಟ್ಟ. ಉಚ್-ಬುಲಾಕಿನ ಆಸ್ಪತ್ರೆಯಲ್ಲಿ ವೈದ್ಯಸಹಾಯಕಿ ಕೆಲಸ, ಕೈಕೆಳಗೆ ಮೂರು ಹಳ್ಳಿ, ಒಂದರಿಂದ ಇನ್ನೊಂದಕ್ಕೆ ಹತ್ತೊಂಬತ್ತು ಕಿಲೋಮೀಟರ್, ಆಸ್ಪತ್ರೆಗೆ ಗಾಡಿಯಿಲ್ಲ. ಸ್ವಂತ ಗಾಡಿ ತೋರಿಸಿದರೆ ಕೆಲಸ ನಿನಗೆ, ಇಲ್ಲದಿದ್ದರೆ ಜೀಪಿಟ್ಟುಕೊಂಡಿರುವ ಇನ್ನೊಬ್ಬನಿಗೆ ಅಂತ ದೊಡ್ಡ ಡಾಕ್ಟರಮ್ಮ ಹೇಳಿದ್ದಾರೆ. ಸರಿಯಾಗೇ ಹೇಳಿದ್ದಾರೆ. ಅಲ್ಲಿ ಹೆರಿಗೆ ನೋವು ಬಂದವಳು ನೀನು ನಡೆದು ಬರುವವರೆಗೆ ಕಾಯುವುದಿಲ್ಲ.

ಹಳೇ ಗಾಡಿ ಕೊಳ್ಳುವುದು ಹೇಗೆ ಅಂತ ಕೇಳಿದ್ದೀಯ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಾದರೂ ಈ ವಿಷಯಕ್ಕೆ ನಾನೇ ಯೂನಿವರ್ಸಿಟಿ. ಬರೆದುಕೋ.

ಮಾರುವವನಿಗೆ ಹೇಳದೆ ಕೇಳದೆ ಬೆಳಿಗ್ಗೆ ಹೋಗು. ಹೋದವಳೇ ಇಂಜಿನ್ ಮೇಲೆ ಅಂಗೈ ಇಡು. ತಣ್ಣಗಿರಬೇಕು. ಬೆಚ್ಚಗಿದ್ದರೆ ನೀನು ಬರುವ ಸುಳಿವು ಸಿಕ್ಕಿ ಒಂದು ಗಂಟೆ ಒದ್ದು ಒದ್ದು ಶುರು ಮಾಡಿಟ್ಟಿದ್ದಾನೆ ಅಂತ ಅರ್ಥ. ಚಹಾ ಕೂಡ ಕುಡಿಯದೆ ವಾಪಸ್ ಬಾ. ಹೊಸ ಪೇಂಟು ಕಂಡರೆ ಖುಷಿಪಡಬೇಡ. ಯಾಕೆ ಬಳಿದ, ಯಾವುದರ ಮೇಲೆ ಬಳಿದ, ಉಗುರಲ್ಲಿ ಕೆರೆದು ನೋಡು, ಅದರಲ್ಲೂ ಹ್ಯಾಂಡಲ್ಲಿನ ಕೊರಳ ಹತ್ತಿರ. ಅಲ್ಲಿ ಬಿರುಕಿದ್ದರೆ ಗಾಡಿ ಅಲ್ಲ, ಶವಪೆಟ್ಟಿಗೆ. ಟ್ಯಾಂಕಿನ ಮುಚ್ಚಳ ತೆಗೆದು ಬ್ಯಾಟರಿ ಬೆಳಕು ಬಿಡು, ಒಳಗೆ ತುಕ್ಕಿರಬಾರದು. ಇಂಜಿನ್ನಿನ ಮೇಲಿನ ನಂಬರೂ ಕಾಗದದ ನಂಬರೂ ಒಂದೇ ಇರಬೇಕು. ಇಷ್ಟೆಲ್ಲ ಆದ ಮೇಲೆ ಗಾಡಿಯನ್ನು ನೆಲಕ್ಕೆ ಮಲಗಿಸಿ ನೀನೊಬ್ಬಳೇ ಎತ್ತು. ಎತ್ತಲಾಗದಿದ್ದರೆ ಅದು ಚಿನ್ನದ್ದಾದರೂ ಬೇಡ. ಮೊದಲನೇ ವರ್ಷ ಬೀಳುವುದು ಖಂಡಿತ, ಎತ್ತಿಕೊಡುವವರು ಆ ದಾರಿಯಲ್ಲಿ ಯಾರೂ ಇಲ್ಲ.

ಅಥವಾ ಹೀಗೆ ಮಾಡು. ಹಣ ನನಗೆ ಕಳಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಸೋದರಮಾವ
ಮುಸಾಕುನ್


ಬಿಷ್ಕೆಕ್
18 ಮೇ 1999

ಮಾವನಿಗೆ ಸಲಾಂ.

ಎಂಟು ಸಾವಿರದ ಇನ್ನೂರು ಸೋಮ್ ಕಳಿಸಿದ್ದೇನೆ, ಡ್ರೈವರ್ ಎದುರಿಗೇ ಎಣಿಸಿಕೊಳ್ಳಿ. ಎರಡು ವರ್ಷ ರಾತ್ರಿಪಾಳಿ ಮಾಡಿದ್ದು, ಜೊತೆಗೆ ಅಮ್ಮನ ಕಿವಿಯೋಲೆ. ಇದು ಬಿಟ್ಟರೆ ನನ್ನ ಹತ್ತಿರ ಇಲ್ಲ.

ನೀವು ಬರೆದದ್ದನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಿದ್ದೇನೆ. ಅದರಲ್ಲಿ ಒಂದೂ ಬಿಡದಂತೆ ನೋಡಿದ ಮೇಲೆ ಮಾತ್ರ ತಗೊಳ್ಳಿ. ಚಿಕ್ಕದು, ಹಗುರವಾದದ್ದು ಇರಲಿ. ನಾನು ಐವತ್ತೊಂದು ಕೆಜಿ ಇದ್ದೇನೆ.

ಮೋಟಾರು ಕ್ಲಬ್ಬಿನಲ್ಲಿ ಲೈಸೆನ್ಸಿಗೆ ಸೇರಿದ್ದೇನೆ. ಕಲಿಸುವವನು ಮೊದಲ ದಿನ ನನ್ನನ್ನು ನೋಡಿ, ಅಣ್ಣನಿಗೆ ಫಾರ್ಮ್ ತಗೊಂಡು ಹೋಗೋಕೆ ಬಂದಿದೀಯಾ ಅಂತ ಕೇಳಿದ. ಈಗ ಕೇಳುವುದಿಲ್ಲ.

ಬುರುಲ್ ಅತ್ತೆಗೆ ನೆನಪು ಹೇಳಿ.

ಜಿಪಾರ್


ಕೊಚ್ಕೋರ್
9 ಜೂನ್ 1999

ಜಿಪಾರ್,

ಗಾಡಿ ಬಂತು. ಅಂಗಳದಲ್ಲಿ ನಿಂತಿದೆ. ಬೀದಿಯಲ್ಲಿ ಹೋಗುವವರು ಬೇಲಿ ಹತ್ತಿರ ನಿಧಾನ ಮಾಡುತ್ತಾರೆ.

ಎಲ್ಲಿಂದ ಅಂತ ಕೇಳಬೇಡ, ನಾನೇ ಹೇಳುತ್ತೇನೆ. ನಮ್ಮ ಬರ್ಚಿನ್‌ನ ಮಾವ, ಬೀಗರು ಕಲ್ಚೋರೋ, ತಮ್ಮ ಗಾಡಿ ಮಾರುತ್ತಾರೆ ಅಂತ ಸುದ್ದಿ ಬಂತು. ಸಂತೆಯಲ್ಲಿ ಗುರುತಿಲ್ಲದವನ ಹತ್ತಿರ ಕೊಳ್ಳುವುದಕ್ಕಿಂತ ಮಗಳು ಕೊಟ್ಟ ಮನೆಯಲ್ಲಿ ಕೊಳ್ಳುವುದು ಮೇಲಲ್ಲವೇ. ಹೋದೆ. ಜೇಬಲ್ಲಿ ಬ್ಯಾಟರಿ ಇತ್ತು, ಒರೆಸಲು ಬಟ್ಟೆ ಇತ್ತು, ನನ್ನ ಕಣ್ಣಿತ್ತು.

ಆದರೆ ಬೀಗರ ಮನೆ ಅಂದರೆ ನಿನಗೆ ಗೊತ್ತು. ಗೇಟಿನಲ್ಲೇ ಕುದುರೆ ಹಾಲಿನ ಕುಮಿಸ್ ಬಟ್ಟಲು ಕೈಗೆ ಬಂತು. ಆಗಲೇ ನನಗಾಗಿ ಕುರಿ ಕಡಿದಾಗಿತ್ತು. ಗಾಡಿ ಅಲ್ಲೇ ಕೊಟ್ಟಿಗೆ ಮುಂದೆ ನಿಂತಿತ್ತು, ನಾನು ಆ ಕಡೆ ಎರಡು ಹೆಜ್ಜೆ ಇಟ್ಟೆ. ಕಲ್ಚೋರೋ ನನ್ನ ತೋಳು ಹಿಡಿದುಕೊಂಡರು.

"ಏನ್ ಬೀಗ್ರೆ, ನನ್ ಮನೇಲಿ ನಿಮ್ ಕೈ ಕೊಳೆ ಮಾಡ್ಕೊಳೋದಾ? ಊರೋರು ನನ್ ಮುಖಕ್ಕೆ ಉಗೀತಾರೆ. ಬನ್ನಿ ಒಳಗೆ."

ಒಳಗೆ ಕೂರಿಸಿ ನಿಲುವಂಗಿ ಹೊದಿಸಿದರು, ನೀಲಿ ವೆಲ್ವೆಟ್ಟಿನದು. ದೊಡ್ಡ ಅತಿಥಿಗೆ ಮಾತ್ರ ಇಡುವ ಕುರಿಯ ತಲೆ ನನ್ನ ಮುಂದಿಟ್ಟರು. ಬೀಗರು ಹೊದಿಸಿದ ಬಟ್ಟೆ ಮೈಮೇಲೆ ಇಟ್ಟುಕೊಂಡು, ಅವರು ಬಡಿಸಿದ್ದು ಬಾಯಲ್ಲಿಟ್ಟುಕೊಂಡು, ಯಾವನು ಹೋಗಿ ಅವರ ಗಾಡಿಯ ಪೇಂಟು ಕೆರೆಯುತ್ತಾನೆ? ಚೌಕಾಸಿ ಮಾಡುವುದಂತೂ ಮಾತೇ ಇಲ್ಲ. ಅವರು ಒಂದು ಮಾತು ಹೇಳಿದರು, ನಾನು ಹೂಂ ಅಂದೆ, ಹಿರಿಯರು ಕೈಯೆತ್ತಿ ಹರಸಿದರು, ಮುಗಿಯಿತು. ಬೀಗರು ಕೇಳಿದ್ದೂ ನಿನ್ನ ಹತ್ತಿರ ಇದ್ದದ್ದೂ ಸರಿಯಾಗಿ ಒಂದೇ ಆಗಿಬಂತು. ಇದನ್ನೇ ಋಣಾನುಬಂಧ ಅನ್ನುವುದು.

ನೋಡಲಿಲ್ಲ ಅಂದುಕೊಳ್ಳಬೇಡ. ನನ್ನಂಥವನಿಗೆ ಮುಟ್ಟಬೇಕಾಗಿಲ್ಲ. ಹೊರಡುವಾಗ ಕಣ್ಣಲ್ಲೇ ಅಳೆದೆ. ಎರಡು ಸಿಲಿಂಡರು, ಪಕ್ಕದಲ್ಲಿ ಜನ ಕೂರುವ ತೊಟ್ಟಿ ಕಳಚಿದ್ದಾರೆ, ಕಪ್ಪು ಪೇಂಟು ಥಳಥಳ ಅನ್ನುತ್ತದೆ. ಸ್ವಲ್ಪ ತೂಕ ಇದೆ. ತೂಕ ಇದ್ದರೆ ರಸ್ತೆ ಕಚ್ಚಿಕೊಂಡು ಹೋಗುತ್ತದೆ.

ನಿನ್ನ ಮಾವ
ಮುಸಾಕುನ್


ಬಿಷ್ಕೆಕ್
21 ಜೂನ್ 1999

ಮಾವನಿಗೆ,

ಇಂಜಿನ್ ತಣ್ಣಗಿತ್ತೇ? ನಂಬರ್ ಸರಿಯಿದೆಯೇ? ಮನೆಯವರೆಗೆ ಅದನ್ನು ಓಡಿಸಿಕೊಂಡು ಬಂದವರು ಯಾರು?

ಒಂದೊಂದಕ್ಕೆ ಒಂದೊಂದು ಮಾತು ಸಾಕು.

ಜಿಪಾರ್


ಕೊಚ್ಕೋರ್
11 ಜುಲೈ 1999

ಜಿಪಾರ್,

ಹುಲ್ಲು ಕೊಯ್ಲಿನ ಕಾಲ, ಅದಕ್ಕೆ ತಡ. ಈ ಸಲ ನಾನೊಬ್ಬನೇ ಕುಡುಗೋಲಿನಲ್ಲಿ ಮೂರು ದಿನಕ್ಕೆ ಇಡೀ ಬಯಲು ಬೋಳಿಸಿದೆ. ಟ್ರ್ಯಾಕ್ಟರಿನವನು ಬಂದು ನೋಡಿ ಕೆಲಸ ಬಿಟ್ಟು ಊರಿಗೆ ಹೋದ.

ಗಾಡಿಯ ವಿಷಯ. ನಂಬರ್ ಸರಿಯಿದೆ. ಬಿಸಿಲಿನ ದಿನ, ಆವತ್ತು ಆ ಅಂಗಳದಲ್ಲಿ ಕಲ್ಲೂ ಬೆಚ್ಚಗಿತ್ತು. ಅಲ್ಲಿಂದ ಇಲ್ಲಿಗೆ ಅದು ಲಾರಿಯಲ್ಲಿ ಬಂತು, ಟೈರು ಸವೆಯದಿರಲಿ ಅಂತ. ಒಂದಿಷ್ಟು ಎಣ್ಣೆ ಕುಡಿಯುತ್ತದೆ. ಕುಡಿಯದ ಗಂಡಸೂ ಕುಡಿಯದ ಇಂಜಿನ್ನೂ ಈ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ.

ನೀನು ಓಡಿಸುವುದರ ಕಡೆ ಗಮನ ಕೊಡು. ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡ. ತಿರುವಿಗೆ ಮುಂಚೆಯೇ ವೇಗ ಇಳಿಸು, ತಿರುವಿನೊಳಗೆ ಅಲ್ಲ. ಎಲ್ಲಿ ನೋಡುತ್ತೀಯೋ ಅಲ್ಲಿಗೇ ಹೋಗುತ್ತೀಯ, ಆದ್ದರಿಂದ ಗುಂಡಿಯನ್ನು ನೋಡಬೇಡ, ಗುಂಡಿಯ ಪಕ್ಕದ ದಾರಿ ನೋಡು. ಕುರಿಮಂದೆ ಅಡ್ಡ ಬಂದರೆ ಇಂಜಿನ್ ಆರಿಸಿ ನಿಲ್ಲು; ಹಾರ್ನ್ ಹೊಡೆದರೆ ಕುರಿ ಚದುರುತ್ತದೆ, ನಾಯಿ ನಿನ್ನ ಕಾಲಿಗೆ ಬರುತ್ತದೆ, ಕುರುಬ ನಿನ್ನ ವಂಶಕ್ಕೆ ಬರುತ್ತಾನೆ. ನಾಯಿ ಅಟ್ಟಿಸಿಕೊಂಡು ಬಂದರೆ ಒದೆಯಬೇಡ. ಒಂದು ಕಾಲೆತ್ತಿದರೆ ನೀನೇ ಬೀಳುತ್ತೀಯ. ನಿಧಾನ ಮಾಡು, ಅದು ಹತ್ತಿರ ಬಂದ ಮೇಲೆ ಒಮ್ಮೆಲೇ ಮುಂದೆ ಹೋಗು.

ಬೇರೆ ಎಲ್ಲ ಕ್ಷೇಮ.

ಮಾವ ಮುಸಾಕುನ್


ಕೊಚ್ಕೋರ್
14 ಜುಲೈ

ಜಿಪಾರ್ ಪುಟ್ಟಿ,

ನಾನು ಬುರುಲ್ ಅತ್ತೆ. ಬರೆಯುವುದು ಅಭ್ಯಾಸವಿಲ್ಲ, ಅಕ್ಷರ ದಪ್ಪ, ಓದಿಕೋ. ನಿನ್ನ ಮಾವನಿಗೆ ಗೊತ್ತಿಲ್ಲ ನಾನು ಬರೆದದ್ದು.

ಆ ಗಾಡಿ ಹೊರಡುವುದಿಲ್ಲ. ಬಂದ ದಿನ ಎರಡು ಸಲ ಹೊರಟಿತು, ಎರಡನೇ ಸಲ ಬೇಲಿ ದಾಟುವಷ್ಟರಲ್ಲಿ ಕೆಮ್ಮಿ ನಿಂತಿತು. ಮಿಸ್ತ್ರಿ ಎರ್ಕಿನ್ ಬಂದು ಬಿಚ್ಚಿದ. ಸದ್ದು ಕೇಳದಿರಲಿ ಅಂತ ಒಳಗೆ ಟ್ರ್ಯಾಕ್ಟರಿಗೆ ಹಾಕುವ ಮಂದ ಎಣ್ಣೆ ತುಂಬಿದ್ದರಂತೆ. ಪಿಸ್ಟನ್ ಉಜ್ಜಿ ಉಜ್ಜಿ ಹೋಗಿದೆ. ಹ್ಯಾಂಡಲ್ಲಿನ ಕೊರಳಲ್ಲಿ ಬಿರುಕು, ಅದಕ್ಕೆ ಸಾಬೂನು ಮೆತ್ತಿ ಮೇಲೆ ಪೇಂಟು. ಎರ್ಕಿನ್ ಉಗುರಲ್ಲಿ ಕೆರೆದ, ಸಾಬೂನು ಉದುರಿತು. ನಿನ್ನ ಮಾವ ಅದನ್ನು ಮೂಸಿ ನೋಡಿ ಒಳಗೆ ಹೋಗಿ ಮಲಗಿಕೊಂಡರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅವರು ಊಟ ಬಿಟ್ಟದ್ದು ನಾನು ನೋಡಿದ್ದು ಇದು ಎರಡನೇ ಸಲ, ಮೊದಲನೆಯದು ನಿಮ್ಮಮ್ಮ ಹೋದಾಗ.

ವಾಪಸ್ ಕೊಡಿ ಅಂತ ನಾನು ಬಾಯಿ ಬಿಟ್ಟು ಹೇಳಲಾರೆ. ಬರ್ಚಿನ್‌ಗೆ ಏಳು ತಿಂಗಳು. ನಾವು ಗಾಡಿ ತಿರುಗಿಸಿದರೆ ಆ ಮನೆಯಲ್ಲಿ ಅವಳು ಚಹಾ ಬಗ್ಗಿಸಿದಾಗಲೆಲ್ಲ ಆ ಮಾತು ಬರುತ್ತದೆ, ಅವಳು ಮುದುಕಿಯಾಗುವವರೆಗೂ ಬರುತ್ತದೆ. ಇಲ್ಲಿ ಹಾಗೇ. ನಿನಗೆ ಗೊತ್ತಿರಲಿ ಅಂತ ಬರೆದೆ. ನೀನು ಬೇರೆ ದಾರಿ ನೋಡಿಕೊಳ್ಳುವುದಿದ್ದರೆ ಈಗಲೇ ನೋಡಿಕೋ.

ಅತ್ತೆ


ಬಿಷ್ಕೆಕ್
25 ಜುಲೈ 1999

ಮಾವನಿಗೆ ಸಲಾಂ.

ಬುರುಲ್ ಅತ್ತೆ ನನಗೆ ಕಾಗದ ಬರೆದಿಲ್ಲ ಅಂತಲೇ ಇಟ್ಟುಕೊಳ್ಳಿ.

ಲೈಸೆನ್ಸ್ ಸಿಕ್ಕಿತು. ಪರೀಕ್ಷೆಗೆ ಹನ್ನೊಂದು ಹುಡುಗರು ಮತ್ತು ನಾನು. ಐದು ಹುಡುಗರು ಮತ್ತು ನಾನು ಪಾಸು. ಆಗಸ್ಟ್ 28ಕ್ಕೆ ಊರಿಗೆ ಬರುತ್ತೇನೆ. 31ಕ್ಕೆ ಡಾಕ್ಟರಮ್ಮ ಉಚ್-ಬುಲಾಕಿಗೆ ಬಂದು ಗಾಡಿ ನೋಡುತ್ತಾರೆ, ನನ್ನನ್ನು ಮೇಲಿನ ಹಳ್ಳಿಗೆ ಹೋಗಿಬರಲು ಹೇಳುತ್ತಾರೆ. ಹೋಗಿಬಂದರೆ ಕಾಗದಕ್ಕೆ ರುಜು. ಇಲ್ಲದಿದ್ದರೆ ಇರಲಿ ಅಂತ ಆ ಜೀಪಿನವನನ್ನೂ ಆವತ್ತೇ ಬರಹೇಳಿದ್ದಾರಂತೆ, ಕಾಲ ಹಾಳಾಗದಿರಲಿ ಅಂತ. ಇನ್ನೊಂದು ಜಾಗ ಖಾಲಿಯಿಲ್ಲ, ಮುಂದಿನ ವರ್ಷದವರೆಗೂ ಇಲ್ಲ.

ಬೀಗರ ಮನೆಗೆ ಹೋಗಿ ಏನೂ ಕೇಳಬೇಡಿ. ಅಲ್ಲಿ ಬರ್ಚಿನ್ ಅಕ್ಕ ಇದ್ದಾಳೆ.

ಏನು ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ತಾರೀಖು ಮಾತ್ರ ಹೇಳಿದೆ.

ಜಿಪಾರ್


ಕೊಚ್ಕೋರ್
19 ಆಗಸ್ಟ್ 1999

ಜಿಪಾರ್,

ಹೋಗಬೇಡಿ ಅಂತ ನೀನು ಬರೆದೆ. ಹೋದೆ. ಮುಸಾಕುನ್‌ಗೆ ಬೇಡ ಅಂದದ್ದು ಕೇಳಿಸುವುದಿಲ್ಲ ಅಂತ ನಿನಗೆ ಗೊತ್ತಿರಬೇಕಿತ್ತು. ಎರಡೇ ಮಾತಾಡಿದೆ, ಅದೂ ಸಕ್ಕರೆ ಹಚ್ಚಿ. ಕಲ್ಚೋರೋ ಮುಖ ಸುಣ್ಣದ ಹಾಗಾಯಿತು. ಬೀಗ್ರೆ, ನನಗೇ ಗೊತ್ತಿರಲಿಲ್ಲ ಅಂತ ಎದೆ ಮುಟ್ಟಿಕೊಂಡರು. ತಾವೇ ಬಂದು ಗಾಡಿ ಒಯ್ದರು, ಹಣ ಎಣಿಸಿಟ್ಟರು, ಮೇಲೊಂದು ಕುರಿಮರಿ ಕೊಡುತ್ತೇನೆ ಅಂದರು, ನಾನೇ ಬೇಡ ಅಂದೆ. ಬರ್ಚಿನ್ ನಗುನಗುತ್ತಾ ಇದ್ದಾಳೆ. ಅಲ್ಲಿಗೆ ಆ ಕಥೆ ಮುಗಿಯಿತು, ಇನ್ನು ಕೇಳಬೇಡ.

ಈಗ ನಿಜವಾದ ಗಾಡಿಯ ಮಾತು. ಕೆಳಗಿನ ಊರಿನಲ್ಲಿ ಜಿನಾಯಿದಾ ಅಂತ ರಷ್ಯನ್ ಅಜ್ಜಿ ಇದ್ದಾರೆ, ಜೇನು ಸಾಕುತ್ತಾರೆ. ತೀರಿಹೋದ ಗಂಡ ಅಂಚೆಯವನು, ಇಪ್ಪತ್ತು ವರ್ಷ ಒಂದೇ ಗಾಡಿಯಲ್ಲಿ ಅಂಚೆ ಹಂಚಿದ. ಹೇಳದೆ ಕೇಳದೆ ಬೆಳಗಿನ ಆರಕ್ಕೆ ಹೋಗಿ ನಿಂತೆ. ಅವರು ಕೋಳಿಗೆ ಕಾಳು ಹಾಕುತ್ತಿದ್ದರು. ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟೆ. ಮಂಜಿನ ಹಾಗೆ ತಣ್ಣಗಿತ್ತು. ಮೂರನೇ ಒದೆಗೆ ಎದ್ದಿತು.

ಆಮೇಲೆ ನಾನು ಇಪ್ಪತ್ತು ನಿಮಿಷ ನೆಲದಲ್ಲಿ ಬೆನ್ನು ಕೊಟ್ಟು ಮಲಗಿ ನೋಡಿದೆ. ಕೊರಳು ಕೆರೆದೆ, ಹಳೇ ಪೇಂಟು, ಒಳಗೆ ಗಟ್ಟಿ ಕಬ್ಬಿಣ. ಟ್ಯಾಂಕಿನೊಳಗೆ ಬೆಳಕು ಬಿಟ್ಟೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಅತ್ತ ಇತ್ತ ತಿರುಗಿಸಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಚೈನು ಉದ್ದವಾಗಿದೆ, ಹಿಂದಿನ ಟೈರು ಬದಲಿಸಬೇಕು ಅಂತ ಮುಖದ ಮೇಲೇ ಹೇಳಿದೆ, ಅವರು ನನ್ನ ಮುಖದ ಮೇಲೆ ಇನ್ನೆರಡು ಹೇಳಿದರು. ಒಂದು ಗಂಟೆ ಜಗಳಾಡಿದೆವು. ಅವರು ಒಮ್ಮೆ ಗೇಟು ತೆಗೆದು ಹೊರಗೆ ಕೈ ತೋರಿಸಿದರು, ನಾನೊಮ್ಮೆ ಟೋಪಿ ಹಾಕಿಕೊಂಡು ಹೊರಟೆ. ಸಂಬಂಧವಿಲ್ಲದವರ ಹತ್ತಿರ ವ್ಯಾಪಾರ ಮಾಡುವುದು ಎಷ್ಟು ಸುಖ. ಕೊನೆಗೆ ಕೈ ಕುಲುಕಿದೆವು, ಟೈರಿನ ದುಡ್ಡು ಅವರು ಬಿಟ್ಟರು, ಒಂದು ಡಬ್ಬಿ ಜೇನು ನಾನು ಕೊಂಡೆ.

ಹಗುರ ಇದೆ, ಒಂದೇ ಸಿಲಿಂಡರು. ನೆಲಕ್ಕೆ ಮಲಗಿಸಿ ಬುರುಲ್ ಕೈಯಲ್ಲಿ ಎತ್ತಿಸಿ ನೋಡಿದೆ. ಎತ್ತಿದಳು. ಎತ್ತಿದ ಮೇಲೆ ನನಗೆ ಅಂದದ್ದನ್ನು ಬರೆಯುವ ಹಾಗಿಲ್ಲ.

28ಕ್ಕೆ ಬಾ.

ಮುಸಾಕುನ್


ಉಚ್-ಬುಲಾಕ್
17 ಅಕ್ಟೋಬರ್ 1999

ಮಾವನಿಗೆ ಸಲಾಂ.

ಬಂದು ಆರು ವಾರ ಆಯಿತು, ಬರೆಯಲಾಗಲಿಲ್ಲ. ಡಾಕ್ಟರಮ್ಮ ಆರು ತಿಂಗಳ ಮೇಲೆ ಕಾಯಂ ಮಾಡುತ್ತೇನೆ ಅಂದಿದ್ದರು, ಹೋದ ವಾರವೇ ಕಾಗದ ಕಳಿಸಿದರು. ಸೋಮವಾರ ಮೇಲಿನ ಹಳ್ಳಿಯಲ್ಲಿ ಎರಡು ವರ್ಷದ ಮಗು, ಉಸಿರು ಕಟ್ಟಿತ್ತು. ಹಿಮ ಬೀಳುತ್ತಿತ್ತು, ತಗ್ಗಿನಲ್ಲಿ ಜೀಪು ಕೂಡ ಹೂತುಕೊಳ್ಳುವಷ್ಟು ಕೆಸರು. ನಾನು ಕುರಿದಾರಿಯಲ್ಲಿ ಹತ್ತಿ ಹೋದೆ. ಒಂದು ಸಲ ಬಿದ್ದೆ, ಎತ್ತಿಕೊಂಡೆ. ಮಗು ಈಗ ರೊಟ್ಟಿ ತಿನ್ನುತ್ತಿದೆ. ಅದರ ಅಜ್ಜಿ ಗಾಡಿಯ ಹ್ಯಾಂಡಲ್ಲಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದಾಳೆ, ದೃಷ್ಟಿಯಾಗದಿರಲಿ ಅಂತ. ಬಿಚ್ಚಿಲ್ಲ.

ಬರ್ಚಿನ್ ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರ 31ಕ್ಕೆ ಅಂತ ತಿಳಿಯಿತು. ಬರುತ್ತೇನೆ. ಬೀಗರು ಕಲ್ಚೋರೋ ಅಷ್ಟು ದೊಡ್ಡ ಮನಸ್ಸು ಮಾಡಿ ಗಾಡಿ ವಾಪಸ್ ತಗೊಂಡರಲ್ಲ, ನಾನು ಅವರಿಗೆ ಒಂದು ಮಾತೂ ಹೇಳದೆ ಇರುವುದು ಮರ್ಯಾದೆಯಲ್ಲ. ಒಂದು ಕಾಗದ ಬರೆದಿಟ್ಟಿದ್ದೇನೆ. ಅದನ್ನು ಊಟದ ಹೊತ್ತಿಗೆ ಹಿರಿಯರ ಮುಂದೆ ಓದಿ ವಂದಿಸಬೇಕು ಅಂತ ಇದ್ದೇನೆ. ಅವರು ಪೂರ್ತಿ ಹಣ ಕೊಟ್ಟರೇ, ಏನಾದರೂ ಹಿಡಿದುಕೊಂಡರೇ ಗೊತ್ತಿಲ್ಲ, ಆದ್ದರಿಂದ ಆ ಜಾಗ ಖಾಲಿ ಬಿಟ್ಟಿದ್ದೇನೆ. ಎಷ್ಟು ಅಂತ ನೀವು ಬರೆದರೆ ತುಂಬಿಸುತ್ತೇನೆ.

ಅತ್ತೆಗೆ ಮಂಡಿ ನೋವಿನ ಮುಲಾಮು ಕಳಿಸಿದ್ದೇನೆ. ತಿಕ್ಕಬಾರದು, ಸುಮ್ಮನೆ ಹಚ್ಚಬೇಕು.

ಜಿಪಾರ್


ಕೊಚ್ಕೋರ್
22 ಅಕ್ಟೋಬರ್ 1999

ಜಿಪಾರ್,

ಡ್ರೈವರ್ ಗೇಟಿನಲ್ಲಿ ನಿಂತಿದ್ದಾನೆ, ಇಂಜಿನ್ ಆರಿಸಿಲ್ಲ. ಬೇಗ ಬರೆಯುತ್ತೇನೆ. ಆ ಕಾಗದ ಓದಬೇಡ. ಒಲೆಗೆ ಹಾಕು.

ಕಲ್ಚೋರೋ ಏನೂ ಕೊಡಲಿಲ್ಲ, ನಾನು ಏನೂ ಕೇಳಲಿಲ್ಲ. ಜುಲೈ ಕೊನೆಗೆ ಅವರ ಗೇಟಿನವರೆಗೆ ಹೋಗಿದ್ದು ನಿಜ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡು ಹೋಗಿದ್ದೆ, ಚೆನ್ನಾಗಿತ್ತು. ಅಷ್ಟರಲ್ಲಿ ಬರ್ಚಿನ್ ಬಕೆಟ್ ಹಿಡಿದು ನೀರಿಗೆ ಬಂದಳು. ಅವಳ ಅತ್ತೆ ಓಡಿಬಂದು ಬಕೆಟ್ ಕಿತ್ತುಕೊಂಡು ಬೈದರು. "ನಾನ್ ಸತ್ತಿದೀನಾ, ನೀನ್ಯಾಕೆ ಎತ್ತೋದು? ಹೋಗು, ಕಾಲ್ ಚಾಚ್ಕೊಂಡು ಕೂತ್ಕೋ." ನನ್ನ ಮಗಳು ನಕ್ಕು ಒಳಗೆ ಹೋದಳು. ನಾನು ಗೇಟು ಮುಟ್ಟಲಿಲ್ಲ. ಕಲ್ಚೋರೋ ಕಂಡು ಏನ್ ಬೀಗ್ರೆ ಇಲ್ಲಿ ಅಂದರು. ಕರು ತಪ್ಪಿಸಿಕೊಂಡಿದೆ, ಹುಡುಕುತ್ತಾ ಬಂದೆ ಅಂದೆ. ಪಾಪ, ಒಂದು ಗಂಟೆ ನನ್ನ ಜೊತೆ ಹುಡುಕಿದರು.

ಅವರ ಗಾಡಿಯ ಇಂಜಿನ್ ನಾನು ಕೊಂಡ ದಿನ ಬಿಸಿ ಇತ್ತು. ಮುಟ್ಟಲಿಲ್ಲ, ನಿಜ. ಹತ್ತಿರ ಹೋದಾಗಲೇ ಕಾಲಿಗೆ ಝಳ ತಾಗಿತು. ಆಮೇಲೆ ಹೋಗಿ ಕುರಿಯ ತಲೆ ತಿಂದೆ. ಚೆನ್ನಾಗಿತ್ತು ಅಂತಲೂ ಹೇಳಿದೆ.

ಆ ಗಾಡಿ ಎರ್ಕಿನ್‌ನ ಶೆಡ್ಡಿನಲ್ಲಿ ಚೂರುಚೂರಾಗಿ ಗುಜರಿಗೆ ಹೋಯಿತು. ನಿನ್ನ ಈಗಿನ ಗಾಡಿ ನನ್ನ ಗಬ್ಬದ ಹೆಣ್ಣುಕುದುರೆ ಮಾರಿದ ಹಣದಲ್ಲಿ ಬಂತು. ಆಗಸ್ಟಿನಲ್ಲಿ ಯಾರೂ ಕುದುರೆ ಮಾರುವುದಿಲ್ಲ, ಮಾರುವವನಿಗೆ ತುರ್ತು ಅಂತ ಸಂತೆಗೆಲ್ಲ ಗೊತ್ತಾಗುತ್ತದೆ. ಗೊತ್ತಾಯಿತು.

ನೀನು ಆ ಖಾಲಿ ಜಾಗ ಯಾಕೆ ಬಿಟ್ಟೆ ಅಂತ ನನಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡ. ಅಮ್ಮನ ಮಗಳು. ಅವಳೂ ಹೀಗೇ, ಬೈಯದೆ ಸುಮ್ಮನೆ ಖಾಲಿ ಬಟ್ಟಲು ಮುಂದಿಟ್ಟು ಕಾಯುತ್ತಿದ್ದಳು. ಹಣ ವಾಪಸ್ ಕೊಡುತ್ತೇನೆ ಅಂತ ಮಾತ್ರ ಬರಬೇಡ. ತಂಗಿಯ ಮಗಳು ಸೋದರಮಾವನ ಮನೆಯಿಂದ ಬೇಕಾದದ್ದು ಒಯ್ಯಬಹುದು, ಮಾವ ತಡೆಯುವ ಹಾಗಿಲ್ಲ. ನೀನು ಇದುವರೆಗೆ ಒಂದು ಚಮಚ ಕೂಡ ಒಯ್ದಿರಲಿಲ್ಲ.

31ಕ್ಕೆ ಬಾ, ತೊಟ್ಟಿಲು ತೂಗು, ಕಲ್ಚೋರೋ ಬಡಿಸಿದ್ದು ತಿನ್ನು, ಗಾಡಿ ಹೇಗಿದೆ ಅಂತ ಅವರು ಕೇಳಿದರೆ ಚೆನ್ನಾಗಿದೆ ಅನ್ನು. ಸುಳ್ಳೇನೂ ಅಲ್ಲ.

ಬುರುಲ್‌ಗೆ ನಾನು ಹೇಳಿರುವ ನಷ್ಟ ನಾಲ್ಕು ಸಾವಿರ. ಎರ್ಕಿನ್‌ಗೆ ಆರು ಅಂದಿದ್ದೇನೆ. ಊರಿನವರಿಗೆ ಲಾಭವಾಯಿತು ಅಂದಿದ್ದೇನೆ. ಬೀಗರ ಗಾಡಿಗೆ ಕೊಟ್ಟದ್ದರಲ್ಲಿ ಗುಜರಿಯವನು ಕೊಟ್ಟದ್ದು ಕಳೆದು, ಎರ್ಕಿನ್ ಬಿಚ್ಚಿದ ಕೂಲಿ ಸೇರಿಸಿ, ಕುದುರೆ ಬೆಲೆಯಲ್ಲಿ ಬಿಟ್ಟದ್ದು ಸೇರಿಸಿದರೆ, ನಾನು ಕಳೆದದ್ದು ಹನ್ನೆರಡು ಸಾವಿರದ ಮುನ್ನೂರ ಐವತ್ತು ಸೋಮ್.

ಮುಸಾಕುನ್